ಮುಕ್ಕಾಲು ಗಂಟೆ

ಸೆಡೂನಾದಲ್ಲಿ ಜುಲೈ. ಕಡಲ ಮೇಲಿಂದ ಬಂದ ಚಳಿ
ತಗಡಿನ ಕೋಣೆಯ ಬಾಗಿಲ ಸಂದಿಯಲ್ಲಿ ನುಗ್ಗಿ
ನನ್ನ ಪಾದ ಮೂಸುತ್ತಿದೆ.
ಎದುರಿಗೆ ರೌಟರ್. ಹಸಿರು ಕಣ್ಣು ಮಿಟುಕಿಸುತ್ತ
ಹತ್ತು ಸೆಕೆಂಡಿಗೊಮ್ಮೆ ಪಡುವಣಕ್ಕೆ ಕೂಗುತ್ತದೆ:
ಇದ್ದೀಯಾ?
ಐನೂರು ಕಿಲೋಮೀಟರ್ ಆಚೆ ಯೂಕ್ಲಾದ ಪೆಟ್ಟಿಗೆ ಓಗೊಡುತ್ತದೆ:
ಇದ್ದೇನೆ.
ನಡುವೆ ಮರವಿಲ್ಲದ ಬಯಲು, ಒಂದೇ ರಸ್ತೆ,
ರಸ್ತೆಯ ಮಗ್ಗುಲಲ್ಲಿ ಹೂತ ಗಾಜಿನ ನೂಲು.

ಈ ಪೆಟ್ಟಿಗೆಗಳ ಸ್ವಭಾವವೇ ಹಾಗೆ,
ಬೇಲಿಯಾಚೆಯ ಮಾತು ನಂಬಿ ಬದುಕುವವು.
ಆ ಊರಿಗೆ ನನ್ನ ಕಡೆಯಿಂದ ಹತ್ತಿರ ಎಂದು ನೆರೆಯವ ಅಂದರೆ ಸಾಕು,
ಹೌದೇ ಎನ್ನದೆ
ಮೂಟೆಗಳನ್ನೆಲ್ಲ ಅತ್ತ ಸಾಗಿಸಿಬಿಡುತ್ತವೆ.

ಏಪ್ರಿಲ್‌ನಲ್ಲಿ ಯಾವನೋ
ಗಣಿ ಶಿಬಿರದಲ್ಲಿ ಹಳೇ ಡಬ್ಬಿಯೊಂದನ್ನು ತಂತಿಗೆ ಸಿಕ್ಕಿಸಿದ.
ಅದು ಎದ್ದ ಕೂಡಲೇ ಡಂಗುರ ಹೊಡೆಯಿತು: ಎಲ್ಲ ದಾರಿಯೂ ನನ್ನಲ್ಲೇ.
ಯಾರಪ್ಪ ನೀನು ಎನ್ನಲಿಲ್ಲ ಒಬ್ಬರೂ.
ಚಿಕಿತ್ಸಾಲಯದ ಎಕ್ಸ್‌ರೇ, ಲಾರಿಯವನ ಡೀಸೆಲ್ ಬಿಲ್ಲು,
ಯಾವುದೋ ಮಗುವಿನ ಹುಟ್ಟುಹಬ್ಬದ ಫೋನು,
ಸುಣ್ಣಕಲ್ಲಿನ ಬಿಲಕ್ಕೆ ಬಿದ್ದ ಕುರಿಗಳಂತೆ
ಒಂದರ ಹಿಂದೊಂದು.

ಅಡಿಲೇಡ್‌ನಿಂದ ಅಪ್ಪಣೆ ಬಂತು:
ಇನ್ನು ಪ್ರತಿ ಮಾತಿಗೂ ಮುದ್ರೆ. ಮುದ್ರೆಯೊತ್ತಿದ್ದಕ್ಕೆ ಲಕೋಟೆ.
ಮೂರು ತಿಂಗಳಿಗೊಮ್ಮೆ ಹೊಸ ಕೀಲಿಕೈ.

"ಲಕೋಟೆ ಯಾಕೆ?" ಅಂದಳು ನೋಲೀನ್ ಹಾರ್ಟ್‌ವಿಗ್,
ಯೂಕ್ಲಾದ ರೋಡ್‌ಹೌಸಿನಲ್ಲಿ ಪೆಟ್ರೋಲು, ಪೈ ಮಾರುವವಳು,
ಆ ಕಡೆಯ ಕೋಣೆಯ ಬೀಗ ಅವಳ ಸೊಂಟದಲ್ಲಿ.
"ಇಲ್ಲಿರುವುದೇ ಒಂದು ರಸ್ತೆ, ಮುಚ್ಚಿಡಲು ಏನಿದೆ?
ಹೇಳಿದ್ದು ಯಾರು ಅಂತ ಗೊತ್ತಾದರೆ ಸಾಲದೇ?"
ಸಾಲುತ್ತಿತ್ತೇನೋ.
ಆದರೆ ಯಾರ ಮನೆಯಲ್ಲಿ ದೀಪ ಆರಿದೆ,
ಯಾವ ಬಾಗಿಲಿಗೆ ಹೊಸಬರು ಬಂದಿದ್ದಾರೆ,
ಬೇಲಿಯ ಮಾತಿನಲ್ಲಿ ಅದೂ ಇರುತ್ತದಲ್ಲ,
ಕಳ್ಳ ಮೊದಲು ಕಿವಿಗೊಡುವುದು ಅದಕ್ಕೇ.

ಕೀಲಿಕೈಯನ್ನು ಆ ನೂಲಿನಲ್ಲೇ ಕಳಿಸುವಂತಿಲ್ಲ.
ಕುರಿ ಸಾಗಿಸುವ ಡೆಸ್ಮಂಡ್ ಪೆಂಬರಿಯ ಲಾರಿಯಲ್ಲಿ
ಅಂಟಿಸಿದ ಕವರಾಗಿ ಹೋಯಿತು:
ಯಾವ ಭಾಷೆಯದೂ ಅಲ್ಲದ ಇಪ್ಪತ್ತು ಅಕ್ಷರ,
ಕೆಳಗೆ ನನ್ನ ಕೈಬರಹ: ಗುರುವಾರ ರಾತ್ರಿ ಎರಡಕ್ಕೆ.

ಎರಡು ಹೊಡೆಯಿತು.
ಇದ್ದೀಯಾ? ಎಂದಿತು ನನ್ನದು, ಹೊಸ ಮುದ್ರೆಯೊತ್ತಿ.
ಇದ್ದೇನೆ, ಬಂತು ಉತ್ತರ, ಹಳೆಯ ಮುದ್ರೆಯಲ್ಲಿ.
ನಿನ್ನ ಗುರುತಿಲ್ಲ ಎಂದು ನನ್ನದು ಮುಖ ತಿರುವಿತು.
ಅತ್ತ ಅದೂ ಹಾಗೇ ಅಂದಿರಬೇಕು.
ಹಸಿರು ಹೋಗಿ ಕೇಸರಿ.
ಉಪಗ್ರಹದ ಫೋನು ಹಿಡಿದು ಚೀರಿದೆ: "ಎರಡಾಯಿತಲ್ಲ?"
"ನಮ್ಮಲ್ಲಿ ಒಂದೂಕಾಲು," ನೋಲೀನ್ ಆಕಳಿಸಿದಳು,
"ಎರಡು ಅಂದರೆ ಯಾರ ಎರಡು?"

ಮರೆತಿದ್ದೆ. ಯೂಕ್ಲಾ ತನ್ನದೇ ಗಡಿಯಾರದ ಊರು,
ನಮಗಿಂತ ಮುಕ್ಕಾಲು ಗಂಟೆ ಹಿಂದೆ.
ಹಳೆಯದರ ಸಾವು, ಹೊಸದರ ಹುಟ್ಟು
ಒಂದೇ ಗಳಿಗೆಗೆ ಗೊತ್ತುಮಾಡಿದ ಜಾಣ ನಾನೇ.

ಎರಡೂ ಕಡೆ ಒಂದೊಂದು ಸಾಲು ಅಳಿಸಿದರೆ
ಮುದ್ರೆಯಿಲ್ಲದೆ ಮಾತಾಡಿಕೊಳ್ಳುತ್ತವೆ. ಬೆರಳು ಅಲ್ಲೇ ಇತ್ತು.
"ಬೇಡ," ಅಂದಳು, "ಕಾಯೋಣ."
ಕಾಯುತ್ತ ಹೇಳಿದಳು, ದಿಬ್ಬದಡಿ ಮರಳಲ್ಲಿ ಹೂತ
ಹಳೇ ತಂತಿಮನೆಯ ಕಥೆ. ಒಂದೇ ಉದ್ದ ಮೇಜು, ನಡುವೆ ಹಲಗೆ,
ಈಚೆಯವರ ಕಟ್‌ಕಟ ಒಂದು ಲಿಪಿ, ಆಚೆಯವರದು ಇನ್ನೊಂದು.
ಕಿಂಡಿಯಲ್ಲಿ ಕಾಗದ ದಾಟಿಸುತ್ತಿದ್ದರಂತೆ.
"ಕಿಂಡಿಯಲ್ಲಿ ಕೈ ಕಾಣುತ್ತಿತ್ತು," ಅಂದಳು. "ಕೈ ನೋಡಿದರೆ ಆಳು ತಿಳಿಯುತ್ತಿತ್ತು."
ಅಷ್ಟರಲ್ಲಿ ಅವಳ ಪಂಪಿಗೆ ಲಾರಿ ಬಂತು, ಫೋನು ಮೇಜಿನ ಮೇಲಿಟ್ಟು ಹೋದಳು.
ಬರೀ ಗಾಳಿಯ ಸದ್ದು ಕೇಳುತ್ತ ಕೂತೆ.

ಎರಡೂ ಮುಕ್ಕಾಲಕ್ಕೆ ಹಸಿರು.
ಇದ್ದೀಯಾ? ಇದ್ದೇನೆ.
ಆ ಮೇಲಿನ ಮಾತು ಲಕೋಟೆಯೊಳಗೆ, ನನಗೂ ಕಾಣದು.

ಅಕ್ಟೋಬರಿನ ಕವರಿನ ಮೇಲೆ ಈಗಲೇ ಬರೆದಿಟ್ಟಿದ್ದೇನೆ:
ಹಳೇ ಕೀಲಿಕೈ ಒಂದು ದಿನ ಹೆಚ್ಚಿಗೆ ಬದುಕಿರಲಿ.
ಡೆಸ್ಮಂಡ್‌ಗೆ ಎರಡು ಪೈ ಬಾಕಿ.